ಶಾಂಘೈಯಲ್ಲಿ ಚಹಾ ಸವಿಯಲು ಕರೆಯುವ ಅಪರಿಚಿತರ ಬಗ್ಗೆ ಎಚ್ಚರವಿರಲಿ

ವ್ಯಾಪಾರದ ಕೆಲಸಕ್ಕೆಂದು ಶಾಂಘೈಗೆ ಹೋಗಿಬರುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಪೀಣ್ಯದ ಕಾರ್ಖಾನೆಗಳಿಗೆ ಬೇಕಾದ ಯಂತ್ರಗಳನ್ನು ನೋಡಲು, ಬಿಡಿಭಾಗಗಳ ದರ ಕುದುರಿಸಲು, ವಸ್ತುಪ್ರದರ್ಶನಗಳಲ್ಲಿ ಭಾಗವಹಿಸಲು ಹೋಗುವವರಿಗೆ ಕೆಲಸ ಮುಗಿದ ಮೇಲೆ ಊರು ನೋಡಲು ಒಂದು ಮಧ್ಯಾಹ್ನವಾದರೂ ಸಿಕ್ಕೇ ಸಿಗುತ್ತದೆ. ಅಂಥ ಒಂದು ಮಧ್ಯಾಹ್ನ, ನಗರದ ಅತ್ಯಂತ ಜನನಿಬಿಡ ರಸ್ತೆಯಲ್ಲಿ, ಪೊಲೀಸರು ಕಣ್ಣಳತೆಯಲ್ಲೇ ಇದ್ದ ಜಾಗದಲ್ಲಿ ಶುರುವಾದ ವಂಚನೆಯೊಂದಕ್ಕೆ ನಾನು ಗುರಿಯಾದೆ. ಅದರ ರೀತಿ ಮೊದಲೇ ಗೊತ್ತಿದ್ದರೆ ಯಾರೂ ಸಿಕ್ಕಿಬೀಳುವಂಥದ್ದಲ್ಲ. ಆದ್ದರಿಂದ ನಡೆದದ್ದನ್ನು ವಿವರವಾಗಿಯೇ ಬರೆಯುತ್ತಿದ್ದೇನೆ.

ಶಾಂಘೈ ಅಪಾಯದ ಊರಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ರಾತ್ರಿ ಹೊತ್ತಾದ ಮೇಲೂ ಹೆಂಗಸರು ಒಬ್ಬೊಬ್ಬರೇ ನಿಶ್ಚಿಂತೆಯಿಂದ ನಡೆದುಹೋಗುತ್ತಾರೆ, ಮೆಟ್ರೋ ನಿಲ್ದಾಣಗಳ ಬಾಗಿಲಲ್ಲೇ ಚೀಲಗಳ ತಪಾಸಣೆ ನಡೆಯುತ್ತದೆ, ಕ್ಯಾಮೆರಾ ಇಲ್ಲದ ತಿರುವು ಕಾಣುವುದಿಲ್ಲ. ಹುವಾಂಗ್‌ಪು ನದಿಯ ಪಶ್ಚಿಮ ದಂಡೆಯಾದ ಬಂಡ್‌ನಲ್ಲಿ ನಿಂತರೆ ಬೆನ್ನ ಹಿಂದೆ ಹಳೆಯ ಬ್ಯಾಂಕುಗಳ ಕಲ್ಲಿನ ಕಟ್ಟಡಗಳೂ 1927ರ ಸುಂಕದ ಕಚೇರಿಯ ಗಡಿಯಾರ ಗೋಪುರವೂ, ಎದುರಿನ ಪುಡಾಂಗ್ ದಂಡೆಯಲ್ಲಿ 468 ಮೀಟರ್ ಎತ್ತರದ ಓರಿಯಂಟಲ್ ಪರ್ಲ್ ಗೋಪುರವೂ 632 ಮೀಟರ್ ಎತ್ತರದ ಶಾಂಘೈ ಟವರೂ ಒಂದೇ ನೋಟಕ್ಕೆ ಸಿಗುತ್ತವೆ. ನೋಡಲೇಬೇಕಾದ ನಗರವದು. ಆದರೆ ಅಲ್ಲಿ ಓಡಾಡುತ್ತ ಓಡಾಡುತ್ತ ನಮ್ಮೊಳಗಿನ ಎಚ್ಚರ ತಾನಾಗಿಯೇ ಸಡಿಲವಾಗುತ್ತದೆ, ವಂಚಕರು ಕಾಯುತ್ತಿರುವುದೂ ಅದನ್ನೇ.

ಬಂಡ್‌ನಿಂದ ಪೀಪಲ್ಸ್ ಸ್ಕ್ವೇರ್ ಕಡೆಗೆ ಸಾಗುವ ನಾನ್‌ಜಿಂಗ್ ರಸ್ತೆಯ ಪಾದಚಾರಿ ಭಾಗದಲ್ಲಿ ನಡೆಯುತ್ತಿದ್ದಾಗ ಇಬ್ಬರು ಯುವತಿಯರೂ ಒಬ್ಬ ಯುವಕನೂ ತಮ್ಮದೊಂದು ಫೋಟೋ ತೆಗೆದುಕೊಡಿ ಎಂದು ಫೋನ್ ಚಾಚಿದರು. ಫೋಟೋ ತೆಗೆದುಕೊಟ್ಟ ಮೇಲೆ ಮಾತು ಬೆಳೆಯಿತು. ಹೋಟೆಲಿನಾಚೆ ಇಂಗ್ಲಿಷ್ ಬಲ್ಲವರು ಅಪರೂಪವಾಗಿರುವ ಆ ಊರಿನಲ್ಲಿ ಅವರ ಇಂಗ್ಲಿಷ್ ನಿರರ್ಗಳವಾಗಿತ್ತು. ತಾವು ವಿದ್ಯಾರ್ಥಿಗಳೆಂದೂ, ಯುವಕ ಷಿಯಾನ್‌ನಿಂದ ಬಂದಿರುವ ಚಿಕ್ಕಪ್ಪನ ಮಗನೆಂದೂ ಒಬ್ಬಳು ಹೇಳಿದಳು. ಭಾರತವೆಂದ ಕೂಡಲೇ ಶಾಲೆಯಲ್ಲಿ ಓದಿದ ಟ್ಯಾಗೋರರ ಪದ್ಯಗಳ ಮಾತು ಬಂತು, ಹಿಂದಿ ಸಿನಿಮಾಗಳ ಹೆಸರು ಬಂತು. ನಡುನಡುವೆ ಯಾವ ಹೋಟೆಲು, ಜೊತೆಗೆ ಯಾರಾದರೂ ಇದ್ದಾರೆಯೇ, ಚೀನಾಕ್ಕೆ ಮೊದಲ ಸಲವೇ, ವಾಪಸು ಹೊರಡುವುದು ಯಾವಾಗ ಎಂಬ ಪ್ರಶ್ನೆಗಳೂ ನಗುನಗುತ್ತಲೇ ತೂರಿಬಂದವು. ಸ್ನೇಹದ ಕುಶಲೋಪರಿಯಂತೆ ಕೇಳಿಸುವ ಈ ಪ್ರಶ್ನೆಗಳೆಲ್ಲವೂ ಅಳತೆಗೋಲುಗಳು: ಒಂಟಿಯಾಗಿರುವ, ಊರು ಹೊಸದಾಗಿರುವ, ಮರುದಿನವೇ ವಿಮಾನ ಹತ್ತುವವನು ದೂರು ಕೊಡಲು ನಿಲ್ಲುವುದಿಲ್ಲ ಎಂಬುದು ಅವರಿಗೆ ಗೊತ್ತು. ಇಷ್ಟಾದ ಮೇಲೆ, ಹತ್ತಿರದಲ್ಲೇ ಸಾಂಪ್ರದಾಯಿಕ ಚಹಾ ಪ್ರದರ್ಶನ ನಡೆಯುತ್ತಿದೆ, ಇಂದೇ ಕಡೆಯ ದಿನ, ನಾವೂ ಅಲ್ಲಿಗೇ ಹೊರಟಿದ್ದೇವೆ ಎಂದರು.

ಅವರು ಕರೆದೊಯ್ದದ್ದು ಪಕ್ಕದ ಓಣಿಯ ಕಟ್ಟಡವೊಂದರ ಎರಡನೆಯ ಮಹಡಿಗೆ. ಹೊರಗೆ ಫಲಕವಿರಲಿಲ್ಲ, ಒಳಗೆ ಕಿಟಕಿಯಿಲ್ಲದ ಪುಟ್ಟ ಕೋಣೆ. ರೇಷ್ಮೆ ಉಡುಪು ತೊಟ್ಟ ಹೆಣ್ಣುಮಗಳೊಬ್ಬಳು ಬಿದಿರಿನ ತಟ್ಟೆಯ ಮೇಲೆ ಹೆಬ್ಬೆರಳು ಗಾತ್ರದ ಬಟ್ಟಲುಗಳನ್ನು ಜೋಡಿಸಿ, ಬಿಸಿನೀರಿನಿಂದ ತೊಳೆದು, ಮೊದಲ ಸಲ ಬಸಿದ ನೀರನ್ನು ತಟ್ಟೆಯ ಮೂಲೆಯಲ್ಲಿದ್ದ ಮಣ್ಣಿನ ಕಪ್ಪೆಯ ಮೇಲೆ ಸುರಿದಳು. ಒಂದಾದ ಮೇಲೊಂದರಂತೆ ಆರು ಬಗೆಯ ಚಹಾ ಬಂತು: ಹಾಂಗ್‌ಝೌನ ಲಾಂಗ್‌ಜಿಂಗ್, ಫುಜಿಯಾನ್‌ನ ಟಿಯೆಗುವಾನ್‌ಯಿನ್, ಯುನ್ನಾನ್‌ನ ಪುಅರ್, ಗಾಜಿನ ಲೋಟದಲ್ಲಿ ಮೆಲ್ಲನೆ ಅರಳುವ ಮಲ್ಲಿಗೆ ಚಹಾದ ಉಂಡೆ, ಇನ್ನೆರಡು. ಪ್ರತಿಯೊಂದಕ್ಕೂ ಕಥೆಯಿತ್ತು, ಯುವತಿ ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ದರಪಟ್ಟಿ ಕೇಳಿದ್ದಕ್ಕೆ, ಇದು ರುಚಿ ನೋಡುವುದಷ್ಟೇ, ಆಮೇಲೆ ಬೇಕಾದರೆ ಕೊಳ್ಳಬಹುದು ಎಂಬ ಉತ್ತರ ಬಂತು. ಯಾರೂ ಹೇಳದಿದ್ದರೂ ಒಣಹಣ್ಣು ಮತ್ತು ಬೀಜಗಳ ಎರಡು ತಟ್ಟೆಗಳು ಮೇಜಿನ ಮೇಲೆ ಬಂದು ಕುಳಿತವು.

ಕೊನೆಯಲ್ಲಿ ಬಂದ ಲೆಕ್ಕದ ಚೀಟಿ 2,217 ಯುವಾನಿನದು. ಆಗ ಮೊದಲ ಬಾರಿಗೆ ದರಪಟ್ಟಿಯನ್ನೂ ತೋರಿಸಿದರು. ಚಹಾ ಒಂದು ಬಗೆಗೆ, ಒಬ್ಬರಿಗೆ 48 ಯುವಾನ್. ಆರು ಬಗೆ, ನಾಲ್ಕು ಜನ, ಹಾಗಾಗಿ 1,152. ತಿಂಡಿಯ ತಟ್ಟೆ ಒಂದಕ್ಕೆ 188. ಕೋಣೆಯ ಬಾಡಿಗೆ 400. ಇವೆಲ್ಲದರ ಮೇಲೆ ಶೇಕಡ 15 ಸೇವಾ ಶುಲ್ಕ. ನಾನು ಆಕ್ಷೇಪಿಸುವಷ್ಟರಲ್ಲೇ ಜೊತೆಗಾರರು, ಅರ್ಧ ನಮ್ಮದು, ಅರ್ಧ ನಿಮ್ಮದು ಎನ್ನುತ್ತ ಫೋನ್ ತೆಗೆದು ತಮ್ಮ ಪಾಲನ್ನು ಕಟ್ಟಿಯೇಬಿಟ್ಟರು. ಇಡೀ ನಾಟಕದಲ್ಲಿ ಅತ್ಯಂತ ಚಾಣಾಕ್ಷ ನಡೆಯೆಂದರೆ ಇದೇ. ವಿದ್ಯಾರ್ಥಿಗಳೆಂದುಕೊಂಡವರು ದುಡ್ಡು ಕೊಟ್ಟ ಮೇಲೆ ಉದ್ಯೋಗದಲ್ಲಿರುವ ನಾವು ಹಿಂಜರಿಯುವುದು ಹೇಗೆ ಎಂಬ ದಾಕ್ಷಿಣ್ಯ ನಮ್ಮವರಲ್ಲಿ ಯಾರನ್ನಾದರೂ ಕಟ್ಟಿಹಾಕುತ್ತದೆ. ಅವರು ಕಟ್ಟಿದ ಹಣವಾದರೋ ಅಂಗಡಿಯಿಂದ ಅವರಿಗೇ ಹಿಂದಿರುಗುತ್ತದೆ, ಜೊತೆಗೆ ನಮ್ಮ ಹಣದಲ್ಲಿ ಒಂದು ಪಾಲೂ ಸೇರಿ.

ಒಳ್ಳೆಯ ಚಹಾಕ್ಕೆ ಅಷ್ಟು ಬೆಲೆ ಇರಬಹುದಲ್ಲವೇ ಎಂದು ಕೇಳುವವರಿಗಾಗಿ ಒಂದು ಲೆಕ್ಕ ಕೊಡುತ್ತೇನೆ. ಚೀನಾದಲ್ಲಿ ಚಹಾ ಮಾರುವುದು ಜಿನ್ ಲೆಕ್ಕದಲ್ಲಿ. ಒಂದು ಜಿನ್ ಎಂದರೆ 500 ಗ್ರಾಂ. ಜಿನ್‌ಗೆ 2,000 ಯುವಾನ್ ಬೆಲೆಯ ಉತ್ತಮ ಚಹಾವನ್ನೇ ತೆಗೆದುಕೊಂಡರೂ ಗ್ರಾಮಿಗೆ 4 ಯುವಾನ್ ಆಯಿತು. ಆ ಪುಟ್ಟ ಕುಡಿಕೆಗೆ ಹಾಕುವುದು ನಾಲ್ಕೈದು ಗ್ರಾಂ, ಅದರಲ್ಲಿ ನಾಲ್ವರಿಗೂ ಎರಡು ಮೂರು ಸುತ್ತು ಬಸಿಯುತ್ತಾರೆ. ಹಾಗಾಗಿ 20 ಯುವಾನಿನ ಸೊಪ್ಪಿಗೆ ನಮ್ಮಿಂದ ಕೇಳಿದ್ದು 192. ಅಲ್ಲಿ ಬಡಿಸಿದ್ದು ಅಷ್ಟು ಉತ್ತಮ ಚಹಾವೂ ಆಗಿರಲಿಲ್ಲ ಎಂಬುದು ನನ್ನ ನಂಬಿಕೆ.

ಬಾಗಿಲ ಬಳಿ ಅದುವರೆಗೆ ಕಾಣದಿದ್ದ ಇಬ್ಬರು ಗಂಡಸರು ಬಂದು ನಿಂತಿದ್ದರು. ಯಾರೂ ಕೈ ಮಾಡಲಿಲ್ಲ, ಗದರಲೂ ಇಲ್ಲ. ಆದರೆ ದಾರಿಯನ್ನೂ ಬಿಡಲಿಲ್ಲ. ನನ್ನ ಪಾಲಿನ 1,108 ಯುವಾನನ್ನು, ಅಂದರೆ ಸುಮಾರು 13 ಸಾವಿರ ರೂಪಾಯಿಯನ್ನು, ಕಾರ್ಡಿನಲ್ಲಿ ಕೊಡಬೇಕಾಯಿತು. ಕಾರ್ಡು ಉಜ್ಜಿದ ಮೇಲೆ, ಹಣ ಬಂದಿಲ್ಲ, ಇನ್ನೊಮ್ಮೆ ಕೊಡಿ ಎಂದರು. ಅಷ್ಟರಲ್ಲಿ ಬ್ಯಾಂಕಿನಿಂದ ಹಣ ಕಡಿತವಾದ ಸಂದೇಶ ಫೋನಿಗೆ ಬಂದದ್ದರಿಂದ ಎರಡನೆಯ ಕಂತು ತಪ್ಪಿತು. ಊರಿನ ಸಿಮ್ಮಿಗೆ ರೋಮಿಂಗ್ ಹಾಕಿಸದೆ ಹೋಗಿದ್ದರೆ ಆ ಸಂದೇಶ ಬರುತ್ತಿರಲಿಲ್ಲ.

ಹೋಟೆಲಿಗೆ ಮರಳಿ ಸ್ವಾಗತ ಮೇಜಿನಲ್ಲಿದ್ದ ಮೇಲ್ವಿಚಾರಕಿಗೆ ವಿಷಯ ತಿಳಿಸಿದಾಗ ಆಕೆ ಮೊದಲು ಕೇಳಿದ್ದು ರಸೀದಿಯನ್ನು. ಕೈಬರಹದ ಆ ಚೀಟಿಯನ್ನು ನೋಡಿ ಇದು ಫಾಪಿಯಾವ್ ಅಲ್ಲ ಎಂದರು. ಫಾಪಿಯಾವ್ ಎಂದರೆ ತೆರಿಗೆ ಇಲಾಖೆಯ ಅಧಿಕೃತ ಬಿಲ್ಲು. ಗ್ರಾಹಕರು ಕೇಳಿದರೆ ಅಂಗಡಿಯವರು ಅದನ್ನು ಕೊಡಲೇಬೇಕು, ಬೆಲೆಯನ್ನು ಕಾಣುವಂತೆ ನಮೂದಿಸುವುದೂ ಅಲ್ಲಿನ ಕಾನೂನಿನಂತೆ ಕಡ್ಡಾಯ. ಆಕೆಯೇ ಪೊಲೀಸರ ಸಂಖ್ಯೆ 110ಕ್ಕೆ ಕರೆ ಮಾಡಿ, ನಡೆದದ್ದನ್ನು ಚೀನೀ ಭಾಷೆಯಲ್ಲಿ ಬರೆದುಕೊಟ್ಟರು. ಠಾಣೆಯ ಅಧಿಕಾರಿ ಅಂಗಡಿಯ ಮಾಲೀಕನನ್ನು ಕರೆಸಿದಾಗ, ಹೆಚ್ಚು ವಾದವಿಲ್ಲದೆ 600 ಯುವಾನ್ ನಗದಾಗಿ ಹಿಂದಿರುಗಿಸಿದ. ಉಳಿದದ್ದಕ್ಕೆ ಪಟ್ಟು ಹಿಡಿಯಲು ಸಮಯವಿರಲಿಲ್ಲ, ಮರುದಿನ ಬೆಳಗ್ಗೆ ವಿಮಾನವಿತ್ತು. ಬೆಂಗಳೂರಿಗೆ ಬಂದ ಮೇಲೆ ಬ್ಯಾಂಕಿಗೆ ಬರೆದ ದೂರಿಗೆ, ಪಿನ್ ಒತ್ತಿ ನೀವೇ ಒಪ್ಪಿ ಮಾಡಿದ ಪಾವತಿ ಎಂಬ ಉತ್ತರ ಬಂತು. ಹಣ ಹಿಂದೆ ಬರುವುದಿದ್ದರೆ ಅದು ಅಲ್ಲಿಯೇ, ಆ ದಿನವೇ, ಪೊಲೀಸರ ಮೂಲಕವೇ.

ಆದ್ದರಿಂದ ಮಾಡಬೇಕಾದದ್ದೆಲ್ಲ ಹೊಸ್ತಿಲು ದಾಟುವ ಮೊದಲೇ ಮಾಡಬೇಕು. ನಾನ್‌ಜಿಂಗ್ ರಸ್ತೆ, ಪೀಪಲ್ಸ್ ಸ್ಕ್ವೇರ್, ಯುಯುವಾನ್ ಉದ್ಯಾನದ ಸುತ್ತಮುತ್ತ ತಾವಾಗಿಯೇ ಬಂದು ಇಂಗ್ಲಿಷಿನಲ್ಲಿ ಮಾತಿಗಿಳಿದವರು ಎಲ್ಲಿಗಾದರೂ ಕರೆದರೆ, ಎಷ್ಟೇ ಸಜ್ಜನರಂತೆ ಕಂಡರೂ, ಹೋಗಬೇಡಿ. ಮಾತನಾಡುವ ಮನಸ್ಸಿದ್ದರೆ ನೀವೇ ಆರಿಸಿದ, ಗಾಜಿನ ಗೋಡೆಯ, ದರ ಬರೆದು ಹಾಕಿರುವ ಅಂಗಡಿಯಲ್ಲಿ ಕೂರೋಣವೆನ್ನಿ. ವಂಚಕರು ಆ ಮಾತಿಗೆ ಅಲ್ಲಿಯೇ ಕರಗಿಹೋಗುತ್ತಾರೆ. ಒಳಗೆ ಹೋಗಿಬಿಟ್ಟಿದ್ದರೆ ಕಾರ್ಡನ್ನು ಹೊರತೆಗೆಯಬೇಡಿ. ಫೋನಿನಲ್ಲಿ 110 ಒತ್ತಿ ಅವರ ಕಣ್ಣಿಗೆ ಕಾಣುವಂತೆ ಹಿಡಿದು ಫಾಪಿಯಾವ್ ಕೊಡಿ ಎಂದು ಕೇಳಿ. ಚಿತ್ರಕಲಾ ವಿದ್ಯಾರ್ಥಿಗಳ ಪ್ರದರ್ಶನಕ್ಕೆ ಕರೆಯುವವರದೂ, ಸಂಜೆಯ ಹೊತ್ತು ಬಾರಿಗೆ ಕರೆಯುವವರದೂ ಇದೇ ಕಸುಬು. ಬಾರಿನಲ್ಲಿ ಕೇಳುವ ಮೊತ್ತ ಇನ್ನೂ ಹೆಚ್ಚು.

ವಿಮಾನ ನಿಲ್ದಾಣದ ಒಳಗೆ ಟ್ಯಾಕ್ಸಿ ಬೇಕೇ ಎಂದು ಹಿಂಬಾಲಿಸುವವರನ್ನೂ ದೂರವಿಡಿ. ಮೀಟರಿನ ಟ್ಯಾಕ್ಸಿಗಳಿಗೆ ಹೊರಗೆ ಪ್ರತ್ಯೇಕ ಸಾಲಿದೆ, ಮೆಟ್ರೋದ 2ನೇ ಮಾರ್ಗ ಪುಡಾಂಗ್ ಮತ್ತು ಹಾಂಗ್‌ಚಿಯಾವ್ ಎರಡೂ ನಿಲ್ದಾಣಗಳನ್ನು ಮುಟ್ಟುತ್ತದೆ. ಇನ್ನು ನಮ್ಮ ಕಾರ್ಡಿನ ವಿಷಯ. 2020ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸೂಚನೆಯಂತೆ ವಿದೇಶಿ ಪಾವತಿಯನ್ನು ನಾವೇ ಬ್ಯಾಂಕಿನ ಆ್ಯಪಿನಲ್ಲಿ ಚಾಲೂ ಮಾಡಬಹುದು, ನಿಲ್ಲಿಸಬಹುದು, ಮಿತಿಯನ್ನೂ ಗೊತ್ತುಮಾಡಬಹುದು. ಹೋಟೆಲಿನ ಬಾಡಿಗೆ ಕಟ್ಟಿದ ಮೇಲೆ ಮಿತಿಯನ್ನು ನಾಲ್ಕೈದು ಸಾವಿರ ರೂಪಾಯಿಗೆ ಇಳಿಸಿ ಊರು ಸುತ್ತಿದರೆ, ಕೋಣೆಯ ಬಾಗಿಲಲ್ಲಿ ಯಾರೇ ನಿಂತಿದ್ದರೂ ಅದಕ್ಕಿಂತ ಹೆಚ್ಚು ಆ ಕಾರ್ಡಿನಿಂದ ಹೋಗುವುದಿಲ್ಲ.

ಚಹಾ ಕೊಳ್ಳುವ ಆಸೆಯಿದ್ದವರು ಬಡಾವಣೆಯ ಮಾಮೂಲಿ ಚಹಾ ಅಂಗಡಿಗಳಿಗೆ ಹೋಗಬಹುದು. ಅಲ್ಲಿ ಕುದಿಸಿ ರುಚಿ ತೋರಿಸುವುದಕ್ಕೆ ಸಾಮಾನ್ಯವಾಗಿ ದುಡ್ಡು ಕೇಳುವುದಿಲ್ಲ. ಬೆಲೆ ಹೇಳಿದಾಗ ಮಾತ್ರ ಅದು ಜಿನ್‌ಗೋ ಅಥವಾ 50 ಗ್ರಾಮಿನ ಲಿಯಾಂಗ್‌ಗೋ ಎಂದು ಕೇಳಿ, ಒಟ್ಟು ಮೊತ್ತವನ್ನು ಕ್ಯಾಲ್ಕುಲೇಟರಿನಲ್ಲಿ ಒತ್ತಿಸಿ ನೋಡಿದ ಮೇಲೆಯೇ ಪೊಟ್ಟಣ ಕಟ್ಟಲು ಹೇಳಿ.