ಎಸ್‌ಎಂಎಸ್ ಸರ್ವರ್‌ನ ಪುಟದಲ್ಲಿ ಹಸಿರು ಚುಕ್ಕಿ ಕಂಡರೆ ನಂಬಬೇಡಿ, ನಾನು ನಂಬಿ ಕೆಟ್ಟೆ

ಇದನ್ನ ಸಿಟ್ಟಲ್ಲೇ ಬರೀತಿದ್ದೀನಿ. ಮೋಡೆಮ್ (ಸಿಮ್ ಹಾಕಿ ಕಂಪ್ಯೂಟರಿಗೆ ಜೋಡಿಸೋ ಸಾಧನ) ಇಟ್ಟುಕೊಂಡು ಎಸ್‌ಎಂಎಸ್ ಕಳಿಸೋ ಸರ್ವರ್ ಹಾಕಿಸಬೇಕು ಅಂತಿರೋರು, ಈಗಾಗಲೇ ಹಾಕಿಸಿರೋರು ದಯವಿಟ್ಟು ಓದಿ.

ನಮ್ಮದು ತರಬೇತಿ ಕೇಂದ್ರ. 400 ವಿದ್ಯಾರ್ಥಿಗಳು, ಎಂಟು ಜಿಎಸ್‌ಎಂ ಮೋಡೆಮ್, ಎಂಟು ಸಿಮ್. ಹಾಕಿಕೊಟ್ಟಾತನೇ ನೋಡಿಕೊಳ್ಳೋದು, ಎಷ್ಟು ಮೆಸೇಜ್ ಹೋಯ್ತೋ ಅಷ್ಟಕ್ಕೆ ತಿಂಗಳ ಬಿಲ್. ನಾವು ನೋಡೋಕೆ ಅಂತ ಒಂದು ಪುಟ ಮಾಡಿಕೊಟ್ಟಿದ್ದ. ಪ್ರತಿ ಮೋಡೆಮ್ ಎದುರು ಹಸಿರು ಚುಕ್ಕಿ, ಕಳಿಸಿದ್ದು ಎಷ್ಟು, ವಿಫಲ ಎಷ್ಟು. ವಿಫಲ ಅನ್ನೋ ಕಡೆ ಯಾವಾಗಲೂ 0. ತಿಂಗಳುಗಟ್ಟಲೆ 0. ಸಿಗ್ನಲ್ ಮೇಲೆ ನಡೆಯೋ ಕೆಲಸದಲ್ಲಿ ಒಂದೂ ತಪ್ಪಲ್ಲ ಅಂದ್ರೆ ನಾನು ಆವಾಗಲೇ ಅನುಮಾನ ಪಡಬೇಕಿತ್ತು. ಪಡಲಿಲ್ಲ.

ಗುರುವಾರ ಇದ್ದ ಪರೀಕ್ಷೆನ ಒಂದು ದಿನ ಮುಂಚೆ, ಬುಧವಾರವೇ ಮಾಡಬೇಕಾಗಿ ಬಂತು. ಸೋಮವಾರ ಸಂಜೆ ಎಲ್ಲರಿಗೂ ಮೆಸೇಜ್ ಹಾಕಿದೆ. ಪುಟ ನೋಡಿದೆ. ಕಳಿಸಿದ್ದು 400, ವಿಫಲ 0, ಒಂದೊಂದು ಮೋಡೆಮ್‌ಗೆ ಸರಿಯಾಗಿ 50. ನೆಮ್ಮದಿಯಿಂದ ಮನೆಗೆ ಹೋದೆ.

ಬುಧವಾರ ತುಂಬಾ ಬೆಂಚು ಖಾಲಿ. ಗುರುವಾರ ಬೆಳಿಗ್ಗೆ ಬಾಗಿಲ ಹತ್ರ 31 ಜನ, ಕೈಯಲ್ಲಿ ಪೆನ್ನು, ಹಾಲ್ ಟಿಕೆಟ್. ನಾನು ಏನು ಮಾಡಿದೆ ಗೊತ್ತಾ? ಅವರನ್ನೇ ಬೈದೆ. "ಮೆಸೇಜ್ ಬಂದಿದೆ, ನೀವು ನೋಡಿಲ್ಲ" ಅಂತ ಜೋರು ಮಾಡಿದೆ. ಸಾಕ್ಷಿಗೆ ಅಂತ ಆ ಪುಟವನ್ನೇ ತೆರೆದು ತೋರಿಸಿದೆ. ಒಬ್ಬ ಹುಡುಗಿ ಏನೂ ಮಾತಾಡದೆ ತನ್ನ ಫೋನ್ ನನ್ನ ಕೈಗಿಟ್ಟಳು. "ನೀವೇ ನೋಡಿ ಮೇಡಂ." ನೋಡಿದೆ. ಇಲ್ಲ. ಪಕ್ಕದವಳದ್ದು ನೋಡಿದೆ, ಅದರಲ್ಲೂ ಇಲ್ಲ. ಮೂವತ್ತೊಂದು ಮಕ್ಕಳ ಎದುರು ನಿಂತು ಆವತ್ತು ಪಟ್ಟ ನಾಚಿಕೆ ಈಗಲೂ ಹೋಗಿಲ್ಲ.

ಆತನಿಗೆ ಫೋನ್ ಮಾಡಿದೆ. ಮೊದಲ ಉತ್ತರ: "ನಮ್ಮ ಕಡೆಯಿಂದ ಎಲ್ಲಾ ಹೋಗಿದೆ ಮೇಡಂ, ಹಸಿರು ಇದೆಯಲ್ಲ." ಎರಡನೇ ಉತ್ತರ: "ಕನ್ನಡದಲ್ಲಿ ಕಳಿಸಿದ್ರೆ ಉದ್ದ ಆಗುತ್ತೆ, ಅದಕ್ಕೇ ಹೋಗಿರಲ್ಲ." ನನಗೆ ರೇಗಿದ್ದೇ ಇಲ್ಲಿ. ಇಂಗ್ಲಿಷ್ ಆದ್ರೆ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡಕ್ಕೆ 70 ಅಂತ ನನಗೂ ಗೊತ್ತು. ಗುಣಿತ, ಒತ್ತು ಎಲ್ಲಾ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತೆ. "ಪರೀಕ್ಷೆ" ಅನ್ನೋ ಮೂರಕ್ಷರದ ಪದವೇ 7 ತಗೊಳ್ಳುತ್ತೆ. ಅದನ್ನೆಲ್ಲ ಎಣಿಸಿಯೇ 62ಕ್ಕೆ ನಿಲ್ಲಿಸಿದ್ದೆ. ಅಷ್ಟಕ್ಕೂ 70 ದಾಟಿದರೆ ಮೆಸೇಜ್ ಎರಡು ಭಾಗ ಆಗಿ ಹೋಗುತ್ತೆ, ಮಾಯ ಆಗಲ್ಲ.

ಪ್ರತಿ ಮೆಸೇಜ್ ಏನಾಯ್ತು ಅಂತ ದಾಖಲಾಗಿರೋ ಡೇಟಾಬೇಸ್‌ನ ಪಾಸ್‌ವರ್ಡ್ ಕೊಡಿ ಅಂದೆ. "ಅದನ್ನ ಕೊಡೋ ಪದ್ಧತಿ ಇಲ್ಲ ಮೇಡಂ." ಸರ್ವರ್ ನಮ್ಮದು, ಸಿಮ್ ನಮ್ಮದು, ಪಾಸ್‌ವರ್ಡ್ ಕೊಡೋ ಪದ್ಧತಿ ಮಾತ್ರ ಇಲ್ಲವಂತೆ! ಎರಡು ದಿನ ಜಗಳ ಆಡಿ ತಗೊಂಡೆ.

ನನ್ನ ತಮ್ಮನಿಗೆ ಲಿನಕ್ಸ್ ಗೊತ್ತು. ಅವನು ಕೂತು ನೋಡಿದಾಗ ಒಳಗಿದ್ದದ್ದು ಗಮ್ಮು, ಯಾರು ಬೇಕಾದರೂ ಹಾಕಿಕೊಳ್ಳಬಹುದಾದ ಉಚಿತ ತಂತ್ರಾಂಶ. ಅದು ತಪ್ಪಲ್ಲ, ಗಮ್ಮು ಸುಳ್ಳು ಹೇಳಿರಲಿಲ್ಲ. ಕಳಿಸೋಕೆ ಆಗದೇ ಇದ್ದ ಮೆಸೇಜನ್ನೂ ಅದು "ಸೆಂಟ್‌ಐಟಮ್ಸ್" ಪಟ್ಟಿಗೇ ಹಾಕುತ್ತೆ, ಆದರೆ ಪಕ್ಕದಲ್ಲಿ "ಸೆಂಡಿಂಗ್‌ಎರರ್", ಅಂದರೆ ಕಳಿಸೋಕೆ ಆಗಿಲ್ಲ, ಅಂತ ಬರೆದಿಡುತ್ತೆ. ಈತನ ಪುಟ ಆ ಗುರುತನ್ನ ನೋಡೋದೇ ಇಲ್ಲ. ಪಟ್ಟಿಯಲ್ಲಿ ಎಷ್ಟು ಸಾಲಿದೆಯೋ ಅಷ್ಟನ್ನೂ ಎಣಿಸಿ "ಕಳಿಸಿದ್ದು" ಅಂತ ತೋರಿಸುತ್ತೆ. ಆವತ್ತಿನ 400 ಸಾಲಲ್ಲಿ 100 ಸೆಂಡಿಂಗ್‌ಎರರ್. ಎಲ್ಲಾ ಮೂರನೇ ಮತ್ತು ಏಳನೇ ಮೋಡೆಮ್‌ನವು. ನೂರು ಮಕ್ಕಳಿಗೆ ಹೋಗೇ ಇಲ್ಲ! ಗೆಳೆಯರಿಂದ ಕೇಳಿ ಕೆಲವರು ಬಂದರು ಅಷ್ಟೇ.

ಹಸಿರು ಚುಕ್ಕಿ? ಯುಎಸ್‌ಬಿ ಪೋರ್ಟ್ ತೆರೆದಿದೆ ಅಂತ ಅರ್ಥ, ಇನ್ನೇನೂ ಅಲ್ಲ. ಸೇವೆ ನಿಲ್ಲಿಸಿ ಮೋಡೆಮ್‌ಗಳನ್ನೇ ನೇರವಾಗಿ ಕೇಳಿದೆವು. ಎಟಿ+ಸಿಎಸ್‌ಕ್ಯೂ ಅನ್ನೋ ಆಜ್ಞೆ ಕೊಟ್ಟರೆ ಸಿಗ್ನಲ್ ಎಷ್ಟಿದೆ ಅಂತ 0ಯಿಂದ 31ರೊಳಗಿನ ಅಂಕಿ ಬರಬೇಕು. ಮೂರನೆಯದು 99 ಅಂತು, ಅಂದರೆ "ಸಿಗ್ನಲ್ ಎಷ್ಟಿದೆಯೋ ಗೊತ್ತಿಲ್ಲ" ಅಂತ. ಆಂಟೆನಾ ತಿರುಪು ಸಡಿಲ ಆಗಿತ್ತು. ನೆಟ್‌ವರ್ಕ್ ಸೇರಿದೆಯಾ ಅಂತ ಎಟಿ+ಸಿಆರ್‌ಇಜಿ ಆಜ್ಞೆಯಿಂದ ಕೇಳಿದರೆ ಎರಡನೇ ಅಂಕಿ 1 ಅಥವಾ 5 ಬರಬೇಕು. ಏಳನೆಯದು 3 ಅಂತು, ನೆಟ್‌ವರ್ಕೇ ಸೇರಿಸಿಕೊಳ್ತಿಲ್ಲ ಅಂತ. ಸಿಮ್ ಬಂದ್ ಆಗಿತ್ತು. ಕಳಿಸೋ ಮುಂಚೆ ಗಮ್ಮು ತಾನೇ ನೆಟ್‌ವರ್ಕ್ ನೋಡೋ ಹಾಗೆ ಇಡಬಹುದು, ಅದನ್ನೂ ಈತ ಆಫ್ ಮಾಡಿದ್ದ. ಯಾಕೆ ಅಂದರೆ, "ಪ್ರತಿ ಸಲ ಚೆಕ್ ಮಾಡ್ತಾ ಕೂತ್ರೆ ನಿಧಾನ ಆಗುತ್ತೆ ಮೇಡಂ." ಸತ್ತ ಮೋಡೆಮ್‌ಗೆ ಮೆಸೇಜ್ ಹಾಕೋಕೆ ಏನು ಅವಸರ ಇತ್ತೋ!

ಪಟ್ಟಿಯ ಫೋಟೋ ಕಳಿಸಿದ ಮೇಲೆ ಬಂದ ಉತ್ತರ ಇದು: "ಸೆಂಟ್ ಅಂದ್ರೆ ನಾವು ಕಳಿಸೋ ಪ್ರಯತ್ನ ಮಾಡಿದೀವಿ ಅಂತ. ತಲುಪಿದೆ ಅಂತ ನಾವು ಎಲ್ಲೂ ಹೇಳಿಲ್ಲ." ಪ್ರಯತ್ನಕ್ಕೆ ದುಡ್ಡು ಕೊಟ್ಟಿದ್ದೀನಿ ಇಷ್ಟು ತಿಂಗಳು. ಪ್ರಯತ್ನಕ್ಕೆ!

ಇನ್ನೊಂದು. ಉಳಿದ 300 ಸಾಲಲ್ಲಿ "ಸೆಂಡಿಂಗ್‌ಓಕೆನೋರಿಪೋರ್ಟ್" ಅಂತಿತ್ತು. ನೆಟ್‌ವರ್ಕ್ ಮೆಸೇಜ್ ತಗೊಂಡಿದೆ, ಫೋನ್ ಮುಟ್ಟಿತಾ ಇಲ್ವಾ ಅಂತ ಯಾರೂ ಕೇಳಿಲ್ಲ ಅಂತ ಅರ್ಥ. ತಲುಪಿದ ವರದಿ ಬೇಕು ಅಂತ ಕೇಳಿ ಕಳಿಸಿದರೆ ಮಾತ್ರ "ಡೆಲಿವರಿಓಕೆ" ಬರುತ್ತೆ. ಅದನ್ನ ಆತ ಆನ್ ಮಾಡೇ ಇರಲಿಲ್ಲ.

ಹಾಗಾಗಿ ಬಿಲ್ ಕಟ್ಟೋ ಮುಂಚೆ ಒಂದೊಂದು ಮೋಡೆಮ್‌ನಿಂದಲೂ ನಿಮ್ಮ ಫೋನಿಗೇ ಒಂದು ಮೆಸೇಜ್ ಹಾಕಿ ನೋಡಿ. ಎಂಟು ಇದ್ದರೆ ಎಂಟೂ ಬರಬೇಕು. ಡೇಟಾಬೇಸ್ ಪಾಸ್‌ವರ್ಡ್ ಮೊದಲ ದಿನವೇ ತಗೊಳ್ಳಿ, ಕೊಡಲ್ಲ ಅಂದರೆ ಸಹಿ ಹಾಕಬೇಡಿ. ಬಿಲ್‌ನಲ್ಲಿರೋ "ಸೆಂಟ್" ಅಂದ್ರೆ ಏನು ಅಂತ ಬರವಣಿಗೆಯಲ್ಲಿ ಕೇಳಿ.

ಆ 31 ಜನಕ್ಕೆ ಬೇರೆ ಪ್ರಶ್ನೆಪತ್ರಿಕೆ ಮಾಡಿ ಮರುಪರೀಕ್ಷೆ ಇಟ್ಟೆವು. ಪ್ರತಿಯೊಬ್ಬರ ಹತ್ರ ಕ್ಷಮೆ ಕೇಳಿದೆ, ಈ ಸಲ ಫೋನ್ ಮಾಡಿಯೇ. ಆತನ ಈ ತಿಂಗಳ ಬಿಲ್ ಬಂದಿದೆ, ಆ ದಿನದ ಲೆಕ್ಕದಲ್ಲಿ 400 ಅಂತಲೇ ಇದೆ. ಕಟ್ಟಿಲ್ಲ.