ಎಡಗಾಲಿನ ಪರೀಕ್ಷೆ: ತಾಮಾ ಐರನ್ ಕೋಬ್ರಾ 900 ಜೋಡಿ ಪೆಡಲ್

ಹೆವಿ ಮೆಟಲ್ ನುಡಿಸುವ ಡ್ರಮ್ಮರ್‌ನ ಬಲಗಾಲನ್ನು ಯಾರೂ ಅನುಮಾನಿಸುವುದಿಲ್ಲ. ಕಲಿಕೆಯ ಮೊದಲ ದಿನದಿಂದಲೇ ನೆಲದ ಮೇಲಿನ ದೊಡ್ಡ ಬಾಸ್ ಡ್ರಮ್ ಬಾರಿಸಿ ಪಳಗಿದ ಕಾಲು ಅದು. ಎಡಗಾಲಾದರೋ ವರ್ಷಗಟ್ಟಲೆ ಹೈ-ಹ್ಯಾಟನ್ನು (ಕಾಲಿನಿಂದ ಮುಚ್ಚುವ ಜೋಡಿ ತಾಳದ ತಟ್ಟೆಗಳನ್ನು) ಅದುಮಿ ಹಿಡಿಯುವ ಕೆಲಸವಷ್ಟನ್ನೇ ಮಾಡಿಕೊಂಡಿದ್ದು, ಒಂದು ದಿನ ಇದ್ದಕ್ಕಿದ್ದಂತೆ ಬಲಗಾಲಿಗೆ ಸರಿಸಮನಾಗಿ ಓಡಬೇಕಾಗುತ್ತದೆ. ಆದ್ದರಿಂದ ಒಂದೇ ಬಾಸ್ ಡ್ರಮ್ಮನ್ನು ಎರಡೂ ಕಾಲಿನಿಂದ ಬಾರಿಸಲು ಬಿಡುವ ಜೋಡಿ ಪೆಡಲ್ ಒಂದನ್ನು ಒರೆಗೆ ಹಚ್ಚುವಾಗ ನಾನು ಮುಖ್ಯವಾಗಿ ನೋಡುವುದು ಒಂದನ್ನೇ: ಎಡಗಾಲಿನ ಪೆಟ್ಟು ಬಲಗಾಲಿನ ಪೆಟ್ಟಿನಷ್ಟೇ ಹೊತ್ತಿಗೆ ಸರಿಯಾಗಿ, ಅಷ್ಟೇ ಗಟ್ಟಿಯಾಗಿ ಡ್ರಮ್ಮಿನ ಹೆಡ್ಡನ್ನು, ಅಂದರೆ ಪೆಟ್ಟು ಬೀಳುವ ಹೊದಿಕೆಯನ್ನು, ಮುಟ್ಟುತ್ತದೆಯೇ? ತಾಮಾ ಕಂಪನಿಯ ಐರನ್ ಕೋಬ್ರಾ 900 ಸರಣಿಯ ಪವರ್ ಗ್ಲೈಡ್ ಜೋಡಿ ಪೆಡಲನ್ನು ಎರಡು ವರ್ಷಗಳಿಂದ ಅಭ್ಯಾಸದ ಕೋಣೆಯಲ್ಲೂ ವೇದಿಕೆಯಲ್ಲೂ ಬಳಸಿದ ಮೇಲೆ, ಹೌದು ಎಂದು ಧೈರ್ಯವಾಗಿ ಹೇಳಬಲ್ಲೆ. ಆ ಉತ್ತರಕ್ಕೆ ಬರುವ ಮೊದಲು, ಈ ಪ್ರಶ್ನೆ ನನಗೇಕೆ ಇಷ್ಟು ಮುಖ್ಯವಾಯಿತು ಎಂಬುದನ್ನು ತಿಳಿಸಬೇಕು.

ನಾನು ಡ್ರಮ್ ಕಲಿಯಲು ಹೊರಟದ್ದು ಬ್ಲ್ಯಾಕ್ ಸಬ್ಬತ್ ತಂಡದ ಡ್ರಮ್ಮರ್ ಬಿಲ್ ವಾರ್ಡ್ ಅವರಿಂದಾಗಿ. ಆ ತಂಡದ ಮೊದಲ ಆಲ್ಬಮ್ 1970ರ ಫೆಬ್ರವರಿಯಲ್ಲಿ ಬಂತು. ಅದನ್ನು ನಾನು ಕೇಳಿದ್ದು ಎಷ್ಟೋ ವರ್ಷಗಳ ಮೇಲೆ. ಗಿಟಾರ್ ಬಂಡೆಯಂತೆ ಉರುಳುತ್ತಿದ್ದರೂ ಅದರ ಕೆಳಗೆ ಡ್ರಮ್ ಮಾತ್ರ ತೂಗಿ ತೂಗಿ ನಡೆಯುತ್ತಿತ್ತು. ಜೀನ್ ಕ್ರೂಪಾ ಅವರಂಥ ಜಾಝ್ ವಾದಕರನ್ನು ಕೇಳಿ ಬೆಳೆದ ಕೈ ಅದು ಎಂದು ಆಮೇಲೆ ತಿಳಿದಾಗ, ಮೆಟಲ್ ಎಂದರೆ ಬರೀ ಗದ್ದಲ ಎಂಬ ನನ್ನ ತಿಳಿವಳಿಕೆ ಅಲ್ಲಿಗೇ ಮುಗಿಯಿತು. ಡ್ರಮ್ ಸೆಟ್ ಕೊಳ್ಳುವ ಶಕ್ತಿ ಆಗ ಇರಲಿಲ್ಲ. ಎರಡು ದಿಂಬು, ಬೋರಲು ಹಾಕಿದ ಒಂದು ಬಕೆಟ್, ಮುಂಭಾಗ ಸೀಳಿದ ಒಂದು ಜೊತೆ ಕೋಲು, ಇಷ್ಟರಲ್ಲೇ ಮೊದಲ ವರ್ಷ ಕಳೆಯಿತು. ದಿಂಬು ಕೋಲನ್ನು ಹಿಂದಕ್ಕೆ ಚಿಮ್ಮಿಸುವುದಿಲ್ಲವಾದ್ದರಿಂದ ಪ್ರತಿ ಪೆಟ್ಟನ್ನೂ ಮಣಿಕಟ್ಟೇ ಎತ್ತಬೇಕು. ಆ ಒಂದು ವರ್ಷದ ದುಡಿಮೆ ಇಂದಿಗೂ ನನ್ನ ಕೈಯಲ್ಲಿದೆ. ಕಾಲಿಗೆ ಮಾತ್ರ ಅಂಥ ಅಭ್ಯಾಸ ಸಿಗಲಿಲ್ಲ. ನೆಲಕ್ಕೆ ಹಿಮ್ಮಡಿ ತಟ್ಟಿ ತಾಳ ಹಿಡಿದದ್ದಷ್ಟೇ.

ಕಾಲಿನ ಕಡೆಗೆ ನನ್ನ ಕಿವಿ ತಿರುಗಿಸಿದವರು ಮೋಟರ್‌ಹೆಡ್ ತಂಡದ ಫಿಲ್ ಟೇಲರ್. 1979ರ 'ಓವರ್‌ಕಿಲ್' ಹಾಡು ಶುರುವಾಗುವುದೇ ಅವರ ಎರಡು ಕಾಲುಗಳಿಂದ. ಜೋಡಿ ಬಾಸ್ ಡ್ರಮ್ ಅವರು ಕಂಡುಹಿಡಿದದ್ದೇನೂ ಅಲ್ಲ. ಜಾಝ್‌ನ ಲೂಯಿ ಬೆಲ್ಸನ್ ಹದಿಹರೆಯದಲ್ಲೇ ಅದರ ನಕ್ಷೆ ಬರೆದು, ಮುಂದೆ 1950ರ ದಶಕದ ಆರಂಭದಲ್ಲಿ ಡ್ಯೂಕ್ ಎಲಿಂಗ್ಟನ್ ಅವರ ತಂಡದಲ್ಲಿ ಎರಡು ಬಾಸ್ ಡ್ರಮ್ ಇಟ್ಟು ನುಡಿಸಿದ್ದರು. 1960ರ ದಶಕದಲ್ಲಿ ಜಿಂಜರ್ ಬೇಕರ್ ಮತ್ತು ಕೀತ್ ಮೂನ್ ಅದನ್ನು ರಾಕ್‌ಗೆ ತಂದಿದ್ದರು. ಆದರೆ ಹಾಡಿನ ಬೆನ್ನೆಲುಬಾಗಿ, ನಿಲ್ಲದೆ ಓಡುವ ಜೋಡಿ ಕಾಲು ಮೆಟಲ್‌ನ ಗುರುತಾದದ್ದು ಟೇಲರ್ ನಂತರವೇ ಎಂದು ನಾನು ನಂಬಿದ್ದೇನೆ. ಅಲ್ಲಿಂದ 1986ರ ಸ್ಲೇಯರ್ ಆಲ್ಬಮ್ಮಿನಲ್ಲಿ ಡೇವ್ ಲೊಂಬಾರ್ಡೊ, 1988ರಲ್ಲಿ ಮೆಟಾಲಿಕಾದ ಲಾರ್ಸ್ ಉಲ್ರಿಚ್ ಹೀಗೆ ಒಬ್ಬೊಬ್ಬರನ್ನೇ ಹಿಡಿದು ಕೇಳಿದೆ. ಲೊಂಬಾರ್ಡೊ ಅವರಲ್ಲಿ ನನ್ನನ್ನು ಸೆಳೆದದ್ದು ವೇಗಕ್ಕಿಂತ ಹೆಚ್ಚಾಗಿ ಸ್ಪಷ್ಟತೆ. ಉಳಿದ ವಾದ್ಯಗಳೆಲ್ಲ ಮೌನವಾಗಿ ಎರಡು ಕಾಲು ಮಾತ್ರ ಕೇಳಿಸುವ ಕ್ಷಣದಲ್ಲೂ ಯಾವುದು ಎಡ, ಯಾವುದು ಬಲ ಎಂದು ಹೇಳಲಾಗುವುದಿಲ್ಲ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಜೋಡಿ ಪೆಡಲ್ ಇಲ್ಲದೆ ಮೆಟಲ್ ನುಡಿಸಲಾಗದು ಎಂದು ಹೊಸಬರು ಅಂದುಕೊಂಡಿರುವುದು ತಪ್ಪು. ಐರನ್ ಮೇಡನ್ ತಂಡದ ನಿಕೊ ಮ್ಯಾಕ್‌ಬ್ರೇನ್ ದಶಕಗಟ್ಟಲೆ ಒಂದೇ ಪೆಡಲಿನಲ್ಲಿ, ಅದೂ ಬರಿಗಾಲಿನಲ್ಲಿ, ನುಡಿಸಿದವರು. ಒಂದು ಕಾಲು ಪಳಗದ ಹೊರತು ಎರಡನೆಯದನ್ನು ಸೇರಿಸಿ ಪ್ರಯೋಜನವಿಲ್ಲ.

ನನ್ನ ಮೊದಲ ಜೋಡಿ ಪೆಡಲ್ ಬೇರೆ ಕಂಪನಿಯದು, ಹೆಸರು ಹೇಳುವುದಿಲ್ಲ. ಜೋಡಿ ಪೆಡಲಿನ ರಚನೆ ಗೊತ್ತಿಲ್ಲದವರಿಗಾಗಿ ಇಷ್ಟು ಹೇಳುತ್ತೇನೆ: ಬಲಗಾಲಿನ ಪೆಡಲ್ ಬಾಸ್ ಡ್ರಮ್ಮಿನ ಅಂಚಿನ ಬಳೆಯಾದ ಹೂಪ್‌ಗೆ ಕಚ್ಚಿಕೊಂಡಿರುತ್ತದೆ, ಹೆಡ್ಡಿಗೆ ಬಡಿಯುವ ಸುತ್ತಿಗೆಗಳಾದ ಬೀಟರ್‌ಗಳೆರಡೂ ಅದರ ಮೇಲೆಯೇ ಇರುತ್ತವೆ, ಎಡಗಾಲಿನ ಪೆಡಲ್ ಹೈ-ಹ್ಯಾಟ್ ಪಕ್ಕದಲ್ಲಿ ಕೂತು, ನಡುವಿನ ಒಂದು ಸರಳಿನ ಮೂಲಕ ಎರಡನೆಯ ಬೀಟರನ್ನು ತಿರುಗಿಸುತ್ತದೆ. ಆ ಸರಳಿನ ಎರಡೂ ತುದಿಗೆ ಎಲ್ಲ ಕಡೆ ಬಾಗುವ ಯೂನಿವರ್ಸಲ್ ಜಾಯಿಂಟ್ ಇರುತ್ತದೆ. ಜಾಯಿಂಟಿನಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೂ ಸಾಕು, ಎಡಗಾಲು ಒತ್ತಿದ ಮೊದಲ ಗಳಿಗೆ ಆ ಸಡಿಲವನ್ನು ತುಂಬುವುದರಲ್ಲೇ ಕಳೆದು, ಬೀಟರ್ ತಡವಾಗಿ ಹೊರಡುತ್ತದೆ. ನನ್ನ ಹಳೆಯ ಪೆಡಲಿನಲ್ಲಿ ಆ ಸಡಿಲ ತಿಂಗಳಿಂದ ತಿಂಗಳಿಗೆ ಬೆಳೆಯಿತು. ಅದನ್ನು ನಾನು ನನ್ನ ಕಾಲಿನ ದೋಷವೆಂದೇ ತಿಳಿದು ದಿನಕ್ಕೆರಡು ಗಂಟೆ ಹೆಚ್ಚಿಗೆ ಬೆವರು ಹರಿಸಿದೆ. ಕೊನೆಗೆ ಒಂದು ಕಾರ್ಯಕ್ರಮದ ನಡುವೆ ಜಾಯಿಂಟಿನ ತಿರುಪು ಕಳಚಿ, ಸರಳು ಹೈ-ಹ್ಯಾಟ್ ಸ್ಟ್ಯಾಂಡಿನ ಕಾಲಿಗೆ ಬಡಿದು ಬಿತ್ತು. ಉಳಿದ ಮೂರು ಹಾಡುಗಳನ್ನು ಬಲಗಾಲೊಂದರಲ್ಲೇ ಮುಗಿಸಿದೆ. ಅಂದಿನ ನೋವಿಗಿಂತ, ವರ್ಷವಿಡೀ ನನ್ನ ಕಾಲನ್ನೇ ದೂರಿದ್ದೆನಲ್ಲ ಎಂಬುದು ಹೆಚ್ಚು ಕೊರೆಯಿತು.

ಐರನ್ ಕೋಬ್ರಾವನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ ನಾನು ಮಾಡಿದ ಮೊದಲ ಕೆಲಸವೆಂದರೆ ಬಲಗೈಯಲ್ಲಿ ಎಡ ಬೀಟರನ್ನು ಹಿಡಿದು, ಎಡಗೈಯಲ್ಲಿ ಎಡ ಪೆಡಲಿನ ಫುಟ್‌ಬೋರ್ಡನ್ನು (ಪಾದ ಇಡುವ ಹಲಗೆಯನ್ನು) ಮೆಲ್ಲಗೆ ಒತ್ತಿದ್ದು. ಬೆರಳು ಅಲುಗಿದ ಕ್ಷಣವೇ ಬೀಟರ್ ಅಲುಗಿತು. ನಡುವೆ ಟಕ್ ಎಂಬ ಸದ್ದಿಲ್ಲ, ಖಾಲಿ ಜಾಗವಿಲ್ಲ. ಯಾವ ಕಂಪನಿಯ ಪೆಡಲನ್ನೇ ಕೊಳ್ಳುವವರಿರಲಿ, ಈ ಪರೀಕ್ಷೆ ಮಾಡದೆ ಒಪ್ಪಿಕೊಳ್ಳಬಾರದು. ಎರಡು ವರ್ಷಗಳ ಬಳಕೆಯ ನಂತರ ಮೊನ್ನೆ ಅದನ್ನೇ ಮತ್ತೆ ಮಾಡಿ ನೋಡಿದೆ. ಅದೇ ಬಿಗಿ ಉಳಿದಿದೆ.

ಈ ಸರಣಿಯಲ್ಲಿ ಎರಡು ಬಗೆ ಇವೆ, ವ್ಯತ್ಯಾಸ ಇರುವುದು ಫುಟ್‌ಬೋರ್ಡನ್ನು ಬೀಟರಿಗೆ ಜೋಡಿಸುವ ಚೈನ್ ಸುತ್ತಿಕೊಳ್ಳುವ ಚಕ್ರದಂಥ ಕ್ಯಾಮ್‌ನಲ್ಲಿ. ರೋಲಿಂಗ್ ಗ್ಲೈಡ್‌ನ ಕ್ಯಾಮ್ ದುಂಡಗಿದ್ದು, ಕಾಲು ಒತ್ತಿದ ಮೊದಲಿಂದ ಕೊನೆಯವರೆಗೂ ಬೀಟರ್ ಒಂದೇ ಪ್ರಮಾಣದಲ್ಲಿ ಚಲಿಸುತ್ತದೆ. ಪವರ್ ಗ್ಲೈಡ್‌ನ ಕ್ಯಾಮ್ ಪೂರ್ತಿ ದುಂಡಗಿಲ್ಲ. ಬೀಟರ್ ಹೆಡ್ಡನ್ನು ಸಮೀಪಿಸಿದಂತೆ ಅದರ ವೇಗ ಏರುತ್ತದೆ, ಪೆಟ್ಟು ಕೊನೆಯ ಘಳಿಗೆಯಲ್ಲಿ ಬಲ ಪಡೆಯುತ್ತದೆ. ನಾನು ಆರಿಸಿಕೊಂಡದ್ದು ಪವರ್ ಗ್ಲೈಡ್. ಗಿಟಾರ್‌ಗಳ ಭಾರೀ ಸದ್ದಿನ ಅಡಿಯಲ್ಲಿ ಬಾಸ್ ಡ್ರಮ್ ಕೇಳಿಸಬೇಕಾದರೆ ಆ ಕೊನೆಯ ಬಲ ಬೇಕು. ಆದರೆ ಅದಕ್ಕೆ ಕಾಲು ಒಗ್ಗಿಕೊಳ್ಳಲು ನನಗೆ ಸುಮಾರು ಮೂರು ವಾರ ಹಿಡಿಯಿತು. ಹಳೆಯ ಅಂದಾಜಿನಲ್ಲಿ ಒತ್ತಿದರೆ ಪೆಟ್ಟು ನಿರೀಕ್ಷೆಗಿಂತ ಒಂದಿಷ್ಟು ಮೊದಲೇ ಬೀಳುತ್ತಿತ್ತು. ತಾಳದ ವೇಗ ಹಿಡಿದುಕೊಡುವ ಮೆಟ್ರೋನೋಮನ್ನು ನಿಮಿಷಕ್ಕೆ 90 ಬೀಟ್‌ಗೆ ಇಳಿಸಿ, ಬಿಡಿ ಬಿಡಿಯಾಗಿ ಒಂದೊಂದು ಪೆಟ್ಟನ್ನೂ ಮತ್ತೆ ಕಲಿಯಬೇಕಾಯಿತು.

ಫುಟ್‌ಬೋರ್ಡಿನ ಕೆಳಗೆ ಒಂದು ಸುರುಳಿ ಸ್ಪ್ರಿಂಗ್ ಇದೆ. ಕಂಪನಿ ಅದನ್ನು ಕೋಬ್ರಾ ಕಾಯಿಲ್ ಎನ್ನುತ್ತದೆ. ಪೆಟ್ಟು ಮುಗಿದ ಮೇಲೆ ಫುಟ್‌ಬೋರ್ಡನ್ನು ಬೇಗ ಮೇಲೆತ್ತಿ ಅಂಗಾಲಿಗೆ ತಲುಪಿಸುವುದು ಅದರ ಕೆಲಸ. ಜಾಹೀರಾತಿಗೆಂದು ಸೇರಿಸಿದ ಅಲಂಕಾರ ಇರಬಹುದು ಎಂದು ನಾನು ಮೊದಲು ಭಾವಿಸಿದ್ದೆ. ನಿಮಿಷಕ್ಕೆ 180 ಬೀಟ್ ವೇಗದಲ್ಲಿ, ಬೀಟ್ ಒಂದಕ್ಕೆ ನಾಲ್ಕು ಪೆಟ್ಟಿನಂತೆ ನುಡಿಸಿದಾಗ ಅದರ ಬೆಲೆ ತಿಳಿಯಿತು. ಆ ಲೆಕ್ಕದಲ್ಲಿ ಸೆಕೆಂಡಿಗೆ 12 ಪೆಟ್ಟು, ಒಂದೊಂದು ಕಾಲಿಗೆ ಆರು. ಅಷ್ಟು ಕಿರಿದಾದ ಹೊತ್ತಿನಲ್ಲಿ ತೊಡೆಯಿಂದ ಕಾಲೆತ್ತುವುದು ಸಾಗುವ ಮಾತಲ್ಲ, ಪಾದದ ಕೀಲು ಮಾತ್ರ ದುಡಿಯಬೇಕು. ಆಗ ಫುಟ್‌ಬೋರ್ಡ್ ಅಂಗಾಲನ್ನು ಬಿಟ್ಟು ಹಿಂದುಳಿದರೆ ಮುಂದಿನ ಪೆಟ್ಟು ಗಾಳಿಯಲ್ಲಿ ತೇಲಿಹೋಗುತ್ತದೆ. ಇಲ್ಲಿ ಅದು ಹಿಂದುಳಿಯುವುದಿಲ್ಲ.

ಉಳಿದ ಸೌಲಭ್ಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಚೈನ್ ಎರಡು ಸಾಲಿನದು, ಪಕ್ಕಕ್ಕೆ ವಾಲುವುದಿಲ್ಲ. ಹೂಪನ್ನು ಕಚ್ಚುವ ಕ್ಲ್ಯಾಂಪ್ ಹೂಪಿನ ದಪ್ಪಕ್ಕೆ ಹೊಂದಿಕೊಂಡು, ಪೆಡಲಿನ ತಳ ನೆಲಕ್ಕೆ ಸಮವಾಗಿ ಕೂರುವಂತೆ ಮಾಡುತ್ತದೆ. ಸ್ಪ್ರಿಂಗ್ ಬಿಗಿಯನ್ನೂ ಬೀಟರ್ ಕೋನವನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು. ತೂಕ ಹೆಚ್ಚು, ಕಚ್ಚಾ ನೆಲದಲ್ಲೂ ಕದಲದಿರಲಿ ಎಂದೇ ಮಾಡಿದ ಕಬ್ಬಿಣ ಅದು. ನುಡಿಸುವಾಗ ವರವಾದದ್ದು ಮೆಟ್ಟಿಲು ಹತ್ತುವಾಗ ಭಾರವಾಗುತ್ತದೆ. ಚೈನ್ ಬದಲು ಲೋಹದ ಪಟ್ಟಿಯಿರುವ ಡೈರೆಕ್ಟ್ ಡ್ರೈವ್ ಪೆಡಲುಗಳಿಗೆ ಒಗ್ಗಿದವರಿಗೆ, ಉದ್ದನೆಯ ಫುಟ್‌ಬೋರ್ಡಿನ ಮೇಲೆ ಹಿಮ್ಮಡಿ-ತುದಿ ಸೇರಿಸಿ ನುಡಿಸುವವರಿಗೆ, ಇದರ ನಡೆ ತುಸು ಮೆತ್ತಗೆ ಎನಿಸೀತು. ನನಗೆ ಚೈನ್‌ನ ಆ ಮೆತುವೇ ಬೇಕಿತ್ತು.

ಎಡ ಪೆಡಲಿನ ಸ್ಪ್ರಿಂಗನ್ನು ನಾನು ಬಲದ್ದಕ್ಕಿಂತ ಅರ್ಧ ಸುತ್ತು ಹೆಚ್ಚು ಬಿಗಿ ಮಾಡಿದ್ದೇನೆ, ಏಕೆಂದರೆ ಆ ಸ್ಪ್ರಿಂಗ್ ಬೀಟರಿನ ಜೊತೆಗೆ ಸರಳಿನ ಭಾರವನ್ನೂ ಹಿಂದಕ್ಕೆ ತರಬೇಕು. ಎರಡೂ ಬೀಟರ್‌ಗಳನ್ನು ಹೆಡ್ಡಿನ ನಡುವಿನಿಂದ ಸಮದೂರದಲ್ಲಿ ಬೀಳುವಂತೆ ಪೆಡಲನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ ಕಟ್ಟಿದ್ದೇನೆ. ಬಲ ಬೀಟರ್ ಸರಿಯಾಗಿ ನಡುವಿನಲ್ಲಿ, ಎಡದ್ದು ಬದಿಯಲ್ಲಿ ಬಿದ್ದರೆ ನಾದವೇ ಬೇರೆಯಾಗಿ, ಕಾಲು ಎಷ್ಟು ಸಮವಾಗಿದ್ದರೂ ಕಿವಿಗೆ ಕುಂಟಿದಂತೆ ಕೇಳುತ್ತದೆ. ನನ್ನದು 22 ಇಂಚಿನ ಬಾಸ್ ಡ್ರಮ್. ಒಳಗೆ ಹೆಡ್ಡಿಗೆ ತಾಗುವಂತೆ ಸಣ್ಣ ದಿಂಬೊಂದಿದೆ, ಬೀಟರ್ ಬೀಳುವ ಕಡೆ ಹೆಡ್ಡನ್ನು ಕಾಪಾಡಲು ಎರಡು ವೃತ್ತವಿರುವ ಪ್ಯಾಚ್ ಅಂಟಿಸಿದ್ದೇನೆ. ದಿಂಬಿಲ್ಲದಿದ್ದರೆ ಒಂದು ಪೆಟ್ಟಿನ ನಾದ ಅಡಗುವ ಮೊದಲೇ ಇನ್ನೊಂದು ಅದರ ಮೇಲೆ ಬಿದ್ದು, ಎಲ್ಲವೂ ಗುಡುಗಿನಂತೆ ಒಂದಾಗುತ್ತದೆ. ಎರಡು ಪ್ರತ್ಯೇಕ ಬಾಸ್ ಡ್ರಮ್ ಇಟ್ಟವರಿಗೆ ಈ ಕಷ್ಟ ಕಡಿಮೆ, ಆದರೆ ಎರಡನ್ನೂ ಒಂದೇ ಶ್ರುತಿಗೆ ತರುವ ಕಷ್ಟ ಅವರಿಗಿದೆ.

ಕಿವಿಯನ್ನಷ್ಟೇ ನಂಬದೆ, ಬಾಸ್ ಡ್ರಮ್ ಮುಂದೆ ಮೈಕ್ ಇಟ್ಟು ಹಳೆಯ ಪೆಡಲನ್ನೂ ಇದನ್ನೂ ಒಂದೇ ವೇಗದಲ್ಲಿ ನುಡಿಸಿ ರೆಕಾರ್ಡ್ ಮಾಡಿದೆ. ಹಳೆಯದರ ತಿರುಪನ್ನು ಅದಕ್ಕಾಗಿಯೇ ಸರಿಮಾಡಿಸಿದ್ದೆ. ನಿಮಿಷಕ್ಕೆ 150 ಬೀಟ್, ಬೀಟಿಗೆ ನಾಲ್ಕು ಪೆಟ್ಟು. ಅಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೊಂದು ಪೆಟ್ಟು ಬೀಳಬೇಕು. ಕಂಪ್ಯೂಟರ್ ಪರದೆಯ ಮೇಲೆ ಧ್ವನಿಯ ಅಲೆಗಳನ್ನು ಹಿಗ್ಗಿಸಿ ನೋಡಿದಾಗ, ಹಳೆಯ ಪೆಡಲಿನಲ್ಲಿ ಒಂದು ಎತ್ತರದ ಶಿಖರ, ಒಂದು ಗಿಡ್ಡ ಶಿಖರ, ಆ ಗಿಡ್ಡದ್ದು, ಅಂದರೆ ಎಡಗಾಲಿನದು, ಪೆಟ್ಟು ಬೀಳಬೇಕಾದ ಹೊತ್ತಿನ ಗೆರೆಯಿಂದ ತುಸು ಬಲಕ್ಕೆ, ಎಂದರೆ ತಡವಾಗಿ, ಜಾರಿ ನಿಂತಿತ್ತು, ಪ್ರತಿ ಸಲವೂ ಹಾಗೆಯೇ. ಐರನ್ ಕೋಬ್ರಾದ ಸಾಲಿನಲ್ಲಿ ಎಡಗಾಲಿನದು ಯಾವುದೆಂದು ತಿಳಿಯಲು ನಾನು ಮೊದಲ ಪೆಟ್ಟಿನಿಂದ ಎಣಿಸಿಕೊಂಡು ಬರಬೇಕಾಯಿತು.