ಪಂಚ್ ಆದ ಮೇಲಿನ ಕೆಲಸ ಲೆಕ್ಕಕ್ಕೆ ಸಿಗಲಿಲ್ಲ

ಓಟಿ ದುಡ್ಡು ಬಾಕಿ ಇಟ್ಟುಕೊಂಡು ಕೆಲಸ ಬಿಡಲು ಹೊರಟಿದ್ದೀರಾ? ಯಾವ ಹಾಳೆಗೂ ಸಹಿ ಹಾಕುವ ಮುಂಚೆ ಇದನ್ನೊಮ್ಮೆ ಓದಿಬಿಡಿ.

ನಾನಿದ್ದದ್ದು ಗೋದಾಮಿನ ಪ್ಯಾಕಿಂಗ್‌ನಲ್ಲಿ. ಸಂಜೆ ಆರಾಯಿತೆಂದರೆ ಸೂಪರ್‌ವೈಸರ್ ಬಂದು, "ಪಂಚ್ ಮಾಡ್ಬಿಟ್ಟು ಬನ್ರಪ್ಪಾ, ಇನ್ನೊಂದು ಲೋಡ್ ಇದೆ" ಅನ್ನುತ್ತಿದ್ದ. ಮಷೀನಿಗೆ ಬೆರಳೊತ್ತಿ, ಅದು ಕುಂಯ್ ಅಂದ ಮೇಲೆ ಮತ್ತೆ ಒಳಗೆ. ಬಿಡುವಾಗ ಎಂಟೂವರೆ, ಒಂಬತ್ತು. ಓಟಿ ಕೇಳಿದರೆ "ಬರ್ಕೊಂಡಿದೀನಿ, ಮುಂದಿನ ತಿಂಗಳು ಸೇರ್ಸಿ ಕೊಡ್ತಾರೆ". ಆ ಮುಂದಿನ ತಿಂಗಳಿಗೆ ಹದಿನಾಲ್ಕು ತಿಂಗಳು ಕಾದೆ.

ಬೇಸತ್ತು ಬಿಟ್ಟೆ. ಕೊನೆಯ ದಿನ ಆಫೀಸಿನವರು ಒಂದು ಹಾಳೆ ಮುಂದಿಟ್ಟು ಸಹಿಯ ಜಾಗ ಮಾತ್ರ ತೋರಿಸಿದರು. ಸಂಬಳ ಕೈಗೆ ಬಂದರೆ ಸಾಕೆಂದು ಗೀಚಿದೆ. ಮೇಲಿದ್ದದ್ದು: "ಸಂಬಳ, ಓಟಿ ಎಲ್ಲವೂ ಪೂರ್ತಿ ಸಂದಾಯವಾಗಿದೆ."

ದೂರು ಕೊಟ್ಟಾಗ ಅವರು ತಂದದ್ದು ಎರಡೇ: ಆರು ಗಂಟೆಯ ಪಂಚ್, ನನ್ನ ಸಹಿ. ಕಾನೂನೇನೂ ನನ್ನ ವಿರುದ್ಧ ಇರಲಿಲ್ಲ. ಕೈಗಾರಿಕೆಗಳಲ್ಲಿ ದಿನಕ್ಕೆ 8, ವಾರಕ್ಕೆ 48 ಗಂಟೆ, ಹೆಚ್ಚುವರಿ ದುಡಿಮೆಗೆ ಕನಿಷ್ಠ ಒಂದೂಕಾಲು ಪಟ್ಟು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1919ರ ತನ್ನ ಮೊದಲ ಒಪ್ಪಂದದಲ್ಲೇ ಬರೆದಿದೆ. ಕೆಲಸ ಮುಗಿದಾಗ ಬಾಕಿ ಚುಕ್ತಾ ಆಗಬೇಕೆಂಬುದು 1949ರ ವೇತನ ರಕ್ಷಣೆ ಒಪ್ಪಂದದಲ್ಲಿದೆ. ದರ ದೇಶಕ್ಕೊಂದು. ಗಂಟೆಗಳನ್ನೇ ತೋರಿಸಲಾಗದವನಿಗೆ ಯಾವ ದರವಾದರೇನು?

ಕಾನೂನು ಕೊಟ್ಟ ಕೂಲಿಯನ್ನು ಸಹಿ ಹಾಕಿ ಬಿಟ್ಟುಕೊಟ್ಟರೂ ಅದು ಊರ್ಜಿತವಲ್ಲ ಎಂಬ ನಿಯಮ ಅನೇಕ ಕಡೆ ಇದೆ. ಆದರೆ ನಾನು "ಬಿಟ್ಟುಕೊಟ್ಟೆ" ಎಂದು ಬರೆದುಕೊಟ್ಟಿರಲಿಲ್ಲ, "ಬಂದು ಮುಟ್ಟಿದೆ" ಎಂದು ಬರೆದುಕೊಟ್ಟಿದ್ದೆ. ಎರಡಕ್ಕೂ ಅಜಗಜಾಂತರ.

ನಮ್ಮ ಜೊತೆ ಹಿರಿಯರೊಬ್ಬರಿದ್ದರು. ಜೇಬಿನ ಡೈರಿಯಲ್ಲಿ ದಿನಾ ಬಂದ ಹೊತ್ತು, ಹೋದ ಹೊತ್ತು, ಕೊನೆಗೆ ತುಂಬಿದ ಲಾರಿಯ ನಂಬರ್ ಬರೆಯುತ್ತಿದ್ದರು. ನಾವು ನಗುತ್ತಿದ್ದೆವು. ಅವರು ಅದೇ ಹಾಳೆಯ ಮೇಲೆ "ಓಟಿ ಬಂದಿಲ್ಲ" ಎಂದು ಕೈಯಾರೆ ಬರೆದು ಸಹಿ ಹಾಕಿ, ಫೋಟೋ ತೆಗೆದುಕೊಂಡೇ ಎದ್ದರಂತೆ. ಲಾರಿ ನಂಬರುಗಳು ಗೇಟಿನ ರಿಜಿಸ್ಟರಿಗೆ ತಾಳೆಯಾದವು. ದುಡ್ಡು ಬಂತು.

ದೂರಿಗೆ ಗಡುವೂ ಇರುತ್ತದೆ, ಕೆಲವು ಕಡೆ ಬರೀ ತಿಂಗಳುಗಳು. ಕೆಲಸ ಬಿಟ್ಟ ವಾರವೇ ವಿಚಾರಿಸಿ.

ನನ್ನ ಹತ್ತಿರವೂ ಸಾಕ್ಷಿ ಇತ್ತು ಅನ್ನಿ. "ಇವತ್ತು ಯಾರೂ ಹೋಗ್ಬೇಡಿ, ಲೋಡ್ ಇದೆ" ಎಂದು ಸೂಪರ್‌ವೈಸರ್ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದ ಮೆಸೇಜುಗಳು. ಕೆಲಸ ಬಿಟ್ಟ ರಾತ್ರಿ ಸಿಟ್ಟಿನಲ್ಲಿ ಗುಂಪಿನಿಂದ ಹೊರಬಂದು, ಚಾಟ್ ಪೂರ್ತಿ ಅಳಿಸಿಹಾಕಿದ್ದೆ.